ಬೀಗ ತೆಗೆಯುವ ಕೆಲಸ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರ ಕಣ್ಣೂ ಮೊಬೈಲಿನ ಮೇಲಿರುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಶಾಲೆ ಕಾಲೇಜುಗಳಿಗೆ ನಾಳೆ ರಜೆ ಎಂಬ ಒಕ್ಕಣೆ ಬಂದದ್ದೇ ತಡ, ಮಕ್ಕಳು ಕುಣಿಯುತ್ತಾರೆ, ತಾಯಂದಿರು ನೆಮ್ಮದಿಯ ಉಸಿರು ಬಿಡುತ್ತಾರೆ, ನಮ್ಮಂಥ ಕಾಲೇಜು ನೌಕರರು ಹಂಚಿನ ಮೇಲೆ ಬೀಳುವ ಮಳೆಗೆ ಕಿವಿಗೊಟ್ಟು ಮಲಗುತ್ತೇವೆ. ಹಳ್ಳ ದಾಟಿ, ಗುಡ್ಡದ ಬುಡ ಹಾದು ಬರುವ ಮಕ್ಕಳಿರುವ ಜಿಲ್ಲೆಯಲ್ಲಿ ರಜೆ ಕೊಡುವುದು ಸರಿಯೇ; ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾರವಾರದ ಕಡೆಯ ಒಂದು ಕಾಲೇಜಿನಲ್ಲಿ 22 ವರ್ಷ ಗ್ರಂಥಪಾಲಕನಾಗಿ ದುಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಬೀಗ ಹಾಕುವ ವಿದ್ಯೆಯಲ್ಲಿ ನಾವು ಪಳಗಿದ್ದೇವೆ, ತೆಗೆಯುವುದು ಹೇಗೆಂದು ಮಾತ್ರ ಯಾರೂ ಕುಳಿತು ಯೋಚಿಸಿಲ್ಲ. ಹಾನಿಯಾದ ಮೇಲೆ ಯಾವ ಕೋಣೆಯನ್ನು ಮೊದಲು ತೆರೆಯಬೇಕು, ಅಲ್ಲಿಯವರೆಗೆ ತರಗತಿ ಎಲ್ಲಿ ನಡೆಯಬೇಕು, ಬರಲಾಗದವರಿಗೆ ಪಾಠ ಹೇಗೆ ತಲುಪಬೇಕು ಎಂಬುದಕ್ಕೆ ಒಂದು ಪುಟದ ಬರಹವೂ ನಮ್ಮ ಬಳಿ ಇರಲಿಲ್ಲ. ಈ ವಿಚಾರ ನನ್ನ ತಲೆ ಹೊಕ್ಕದ್ದು ನಾನು ಕಣ್ಣಾರೆ ಕಾಣದ ಒಂದು ವಿಶ್ವವಿದ್ಯಾಲಯದಿಂದ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಿಂದ.

ನನ್ನ ಅಕ್ಕನ ಮಗ ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದವನು. ಮುಂದಿನ ಓದಿಗೆ ಕ್ಯಾಂಟರ್‌ಬರಿಯ ಅರಣ್ಯಶಾಸ್ತ್ರ ವಿಭಾಗಕ್ಕೆ ಹೋದ. 1873ರಲ್ಲಿ ಕ್ಯಾಂಟರ್‌ಬರಿ ಕಾಲೇಜು ಎಂದು ಶುರುವಾದ ಆ ಸಂಸ್ಥೆ ಮೊದಲು ನಗರದ ನಡುವಿನ ಕಲ್ಲಿನ ಕಟ್ಟಡಗಳಲ್ಲಿತ್ತು. ಪರಮಾಣುವಿನ ಒಳಗುಟ್ಟು ಬಿಡಿಸಿದ ಅರ್ನೆಸ್ಟ್ ರುದರ್‌ಫೋರ್ಡ್ ಓದಿದ್ದು ಅಲ್ಲಿಯೇ. 1960 ಮತ್ತು 70ರ ದಶಕಗಳಲ್ಲಿ ಅದು ಊರ ಹೊರವಲಯದ ಇಲಾಮ್ ಎಂಬಲ್ಲಿಗೆ ಸ್ಥಳಾಂತರಗೊಂಡು, ಕಾಂಕ್ರೀಟಿನ ದೊಡ್ಡ ಕ್ಯಾಂಪಸ್ ಆಯಿತು. ಹುಡುಗ ಹೋದ ವರ್ಷವೇ, 2010ರ ಸೆಪ್ಟೆಂಬರ್ 4ರ ಶನಿವಾರ ನಸುಕಿನ 4.35ಕ್ಕೆ, ನಮ್ಮಲ್ಲಿ ಶುಕ್ರವಾರ ರಾತ್ರಿ 10 ದಾಟುತ್ತಿದ್ದ ಹೊತ್ತಿಗೆ, 7.1 ತೀವ್ರತೆಯ ಭೂಕಂಪವಾಯಿತು. ನಗರದ ಪಶ್ಚಿಮಕ್ಕಿರುವ ಹೊಲಗಳ ಕೆಳಗೆ, ಅಲ್ಲಿಯವರೆಗೆ ಯಾರೂ ಗುರುತಿಸಿರದ ಒಂದು ಬಿರುಕು ಬಾಯಿ ತೆರೆದಿತ್ತು. ಜನ ಹಾಸಿಗೆಯಲ್ಲಿದ್ದರು, ಬೀದಿಗಳು ಖಾಲಿಯಿದ್ದವು; ಹಾಗಾಗಿ ದೊಡ್ಡ ಪ್ರಾಣಹಾನಿ ತಪ್ಪಿತು. ಫೋನಿನಲ್ಲಿ ಅವನ ದನಿ ಕೇಳಿ ಅಕ್ಕ ಅತ್ತು ಮುಗಿಸಿದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ಗ್ರಂಥಾಲಯದ್ದು. "ಪುಸ್ತಕ ಎಲ್ಲಾ ನೆಲಕ್ಕೆ ಬಿದ್ದಿದ್ದು ಮಾವಾ" ಎಂದ. 11 ಮಹಡಿಯ ಜೇಮ್ಸ್ ಹೈಟ್ ಕಟ್ಟಡದಲ್ಲಿ ಅವರ ಕೇಂದ್ರ ಗ್ರಂಥಾಲಯವಿತ್ತು. ಕಟ್ಟಡ ಎತ್ತರವಾದಷ್ಟೂ ಮೇಲಿನ ಮಹಡಿಗಳ ತೂಗಾಟ ಹೆಚ್ಚು. ಅಕ್ಕಪಕ್ಕಕ್ಕೆ ನಿಂತ ಕಪಾಟುಗಳು ಒಂದರ ಮೇಲೊಂದು ವಾಲಿ, ಲಕ್ಷಗಟ್ಟಲೆ ಪುಸ್ತಕ ನೆಲದ ಪಾಲಾದವು. ಒಂದು ಪುಸ್ತಕವನ್ನು ತಪ್ಪು ಜಾಗದಲ್ಲಿಟ್ಟರೆ ಅದು ಕಳೆದುಹೋದಂತೆಯೇ ಎಂದು ಹೊಸ ಸಹಾಯಕರಿಗೆ ಪಾಠ ಹೇಳುವವನು ನಾನು. ಲಕ್ಷ ಪುಸ್ತಕಗಳನ್ನು ನೆಲದಿಂದ ಎತ್ತಿ, ಬೆನ್ನು ಒಡೆದದ್ದನ್ನು ಬೇರೆ ಮಾಡಿ, ಸಂಖ್ಯೆಯ ಪ್ರಕಾರ ಮತ್ತೆ ಜೋಡಿಸುವ ಕೆಲಸವನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವರು ಜೋಡಿಸಿದರು. ಸುಮಾರು ಎರಡು ವಾರಕ್ಕೆ ವಿಶ್ವವಿದ್ಯಾಲಯ ತೆರೆಯಿತು. ಎಲ್ಲರೂ ಗಂಡಾಂತರ ಕಳೆಯಿತೆಂದೇ ತಿಳಿದಿದ್ದರು.

2011ರ ಫೆಬ್ರುವರಿ 22, ಮಂಗಳವಾರ. ಹೊಸ ಶೈಕ್ಷಣಿಕ ವರ್ಷದ ಮೊದಲ ವಾರ. ಮಧ್ಯಾಹ್ನ 12.51ಕ್ಕೆ, ನಮ್ಮಲ್ಲಿ ಬೆಳಗಿನ 5.21ಕ್ಕೆ, ನಗರದ ಬುಡದಲ್ಲೇ, ಕೇವಲ 5 ಕಿಲೋಮೀಟರ್ ಆಳದಲ್ಲಿ ನೆಲ ಕದಲಿತು. ಆಗ ಹೇಳಿದ ತೀವ್ರತೆ 6.3, ಸಂಖ್ಯೆಯಲ್ಲಿ ಸೆಪ್ಟೆಂಬರಿಗಿಂತ ಚಿಕ್ಕದು, ಆದರೆ ಹತ್ತಿರದ ಹೊಡೆತ. 185 ಜನ ಸತ್ತರು. ಅವರಲ್ಲಿ 115 ಮಂದಿ ಒಂದೇ ಕಟ್ಟಡದಲ್ಲಿ, ಸಿಟಿವಿ ಎಂಬ ಆರು ಮಹಡಿಯ ಕಚೇರಿ ಕಟ್ಟಡದಲ್ಲಿ. ಅಲ್ಲಿದ್ದ ಇಂಗ್ಲಿಷ್ ಕಲಿಕಾ ಶಾಲೆಗೆ ದೂರದ ದೇಶಗಳಿಂದ ಬಂದಿದ್ದ ವಿದ್ಯಾರ್ಥಿಗಳು ಅನೇಕರು. ಸೆಪ್ಟೆಂಬರಿನ ನಂತರ ಆ ಕಟ್ಟಡದ ಬಾಗಿಲಿಗೆ ಹಸಿರು ಚೀಟಿ ಅಂಟಿಸಲಾಗಿತ್ತು, ಎಂದರೆ ಒಳಗೆ ಹೋಗಬಹುದು ಎಂದು. ಮುಂದೆ ನಡೆದ ರಾಯಲ್ ಕಮಿಷನ್ ವಿಚಾರಣೆಯಲ್ಲಿ ವಿನ್ಯಾಸದಲ್ಲೇ ದೋಷವಿತ್ತೆಂದು ತೀರ್ಮಾನವಾಯಿತು. ಈ ಹಸಿರು ಚೀಟಿಯ ಸಂಗತಿ ನನ್ನನ್ನು ಬಹಳ ಕಾಲ ಬಿಡಲಿಲ್ಲ. ಬೀಗ ತೆಗೆಯುವುದೆಂದರೆ ಕೀಲಿ ತಿರುಗಿಸುವುದಷ್ಟೇ ಆಗಿದ್ದರೆ ಅದಕ್ಕೆ ಜವಾನ ಸಾಕು. ತೆಗೆಯಬಹುದೋ ಇಲ್ಲವೋ ಎಂದು ಹೇಳುವವನ ಹೆಗಲ ಮೇಲಿನ ಭಾರ ಬೇರೆಯೇ.

ಇಲಾಮಿನ ಕ್ಯಾಂಪಸ್ಸಿನ ಒಳಗೆ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಕಟ್ಟಡಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಹಿಂದಿನ ಕಂಪನದ ನಂತರದ ಕಿರುಕಂಪನಗಳು ಬೇರೆ ನಿಂತಿರಲಿಲ್ಲ. ಸುಮಾರು ಮೂರು ವಾರಗಳಲ್ಲಿ ವಿಶ್ವವಿದ್ಯಾಲಯ ಪಾಠ ಶುರು ಮಾಡಿತು, ಕಾರು ನಿಲ್ಲಿಸುವ ಜಾಗದಲ್ಲಿ ದೊಡ್ಡ ಡೇರೆಗಳನ್ನು ಹಾಕಿ. ನಮ್ಮಲ್ಲಿ ಮದುವೆಗೆ, ಯಕ್ಷಗಾನದ ಟೆಂಟಿನ ಆಟಕ್ಕೆ ಹಾಕುವಂಥವೇ, ತುಸು ಗಟ್ಟಿಯಾದವು. ಗಾಳಿ ಬೀಸಿದಾಗ ಬಟ್ಟೆ ಪಟಪಟನೆ ಹೊಡೆದುಕೊಂಡು ಉಪನ್ಯಾಸಕರ ಮಾತು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ, ಮಳೆ ಬಂದರೆ ಪಾಠ ನಿಲ್ಲಿಸಿ ಕಾಯಬೇಕಿತ್ತು ಎಂದು ಅಳಿಯ ಹೇಳುತ್ತಿದ್ದ. ಉಪನ್ಯಾಸಗಳನ್ನು ಧ್ವನಿಮುದ್ರಿಸಿ, ಟಿಪ್ಪಣಿಗಳನ್ನು ಅಂತರ್ಜಾಲದಲ್ಲಿ ಹಾಕುವ ಕೆಲಸ ರಾತ್ರಿ ಬೆಳಗಾಗುವುದರಲ್ಲಿ ಎಲ್ಲ ವಿಭಾಗಗಳ ಪಾಲಿಗೂ ಅನಿವಾರ್ಯವಾಯಿತು. 42 ವಿದ್ಯಾರ್ಥಿಗಳನ್ನು ಒಂದು ಅವಧಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕರೆಸಿಕೊಂಡಿತು. ಮುಂದೆ ಡವ್‌ಡೇಲ್ ಎಂಬ ಪಕ್ಕದ ಆವರಣದಲ್ಲಿ ಸಿದ್ಧ ಕೋಣೆಗಳನ್ನು ತಂದು ಸಾಲಾಗಿ ನಿಲ್ಲಿಸಿ ಒಂದು ಹಳ್ಳಿಯನ್ನೇ ಮಾಡಿದರು. ಅದೇ ವರ್ಷ ಜೂನ್ 13 ಮತ್ತು ಡಿಸೆಂಬರ್ 23ರಂದು ಮತ್ತೆ ಜೋರಾಗಿ ಕಂಪಿಸಿತು. ಪ್ರತಿ ಬಾರಿಯೂ ಅದೇ ತಪಾಸಣೆ, ಅದೇ ಚೀಟಿ, ಅದೇ ವೇಳಾಪಟ್ಟಿಯನ್ನು ಹೊಸದಾಗಿ ಬರೆಯುವ ಕೆಲಸ.

ನಗರಕ್ಕಾದ ಹಾನಿಯಲ್ಲಿ ಒಂದು ದೊಡ್ಡ ಪಾಲು ನೆಲವೇ ಕೆಸರಾದದ್ದು. ಕ್ರೈಸ್ಟ್‌ಚರ್ಚ್ ನಿಂತಿರುವುದು ಹಳೆಯ ಜೌಗು ಮತ್ತು ನದಿ ತಂದು ಹಾಕಿದ ಮರಳು ಮೆಕ್ಕಲಿನ ಮೇಲೆ. ನೀರು ತುಂಬಿದ ಸಡಿಲ ಮರಳನ್ನು ಬಲವಾಗಿ ಅಲುಗಿಸಿದರೆ ಕಣಗಳ ನಡುವಿನ ಹಿಡಿತ ತಪ್ಪಿ, ಒತ್ತಡವೆಲ್ಲ ನೀರಿನ ಮೇಲೆ ಬಿದ್ದು, ಅದು ದ್ರವದಂತೆ ವರ್ತಿಸುತ್ತದೆ. ಇದನ್ನು ತಿಳಿಯಲು ನಮ್ಮವರಿಗೆ ಪುಸ್ತಕ ಬೇಡ. ಕಾರವಾರದ ಟಾಗೋರ್ ಕಡಲತೀರದಲ್ಲಿ ಅಲೆ ಹಿಂದೆ ಸರಿದ ಗಳಿಗೆಯಲ್ಲಿ ನಿಂತು ಪಾದವನ್ನು ಗಡಗಡ ಅಲ್ಲಾಡಿಸಿ ನೋಡಿ: ಅದುವರೆಗೆ ಕಲ್ಲಿನಂತಿದ್ದ ಮರಳು ಹೊಳೆಯತೊಡಗುತ್ತದೆ, ನೀರು ಮೇಲೆ ಬರುತ್ತದೆ, ಹಿಮ್ಮಡಿ ಇಳಿಯುತ್ತದೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದವರಿಗೆ ಆ ಬೂದುಬಣ್ಣದ ಕೆಸರಿನ ಗುಣ ಇನ್ನೂ ಚೆನ್ನಾಗಿ ಗೊತ್ತು. ಅಂಥ ಕೆಸರು ಅಲ್ಲಿ ಅಂಗಳ, ರಸ್ತೆ, ಮನೆಯ ನಡುಕೋಣೆಗಳ ಬಿರುಕಿನಿಂದ ಬುಗ್ಗೆಯಂತೆ ಎದ್ದು ಮೊಣಕಾಲುದ್ದ ನಿಂತಿತು. ಒಣಗಿದ ಮೇಲೆ ಸಿಮೆಂಟಿನಂತೆ ಬಿಗಿಯಿತು, ಗಾಳಿಗೆ ದೂಳಾಗಿ ಹಾರಿತು. ನಗರದ ಪೂರ್ವ ಭಾಗದ ಸಾವಿರಾರು ಮನೆಗಳನ್ನು ಕೊನೆಗೆ ಶಾಶ್ವತವಾಗಿ ತೆರವು ಮಾಡಬೇಕಾಯಿತು.

ಆ ಕೆಸರು ತೆಗೆದವರು ತರಗತಿ ಇಲ್ಲದೆ ಕುಳಿತಿದ್ದ ವಿದ್ಯಾರ್ಥಿಗಳು. ಸೆಪ್ಟೆಂಬರಿನಲ್ಲಿಯೇ ಸ್ಯಾಮ್ ಜಾನ್ಸನ್ ಎಂಬ ವಿದ್ಯಾರ್ಥಿ ಫೇಸ್‌ಬುಕ್ಕಿನಲ್ಲಿ ಒಂದು ಕರೆ ಕೊಟ್ಟು ಗೆಳೆಯರನ್ನು ಸೇರಿಸಿದ್ದ. ಫೆಬ್ರುವರಿಯಲ್ಲಿ ಅದು ವಿದ್ಯಾರ್ಥಿ ಸ್ವಯಂಸೇವಕ ಸೇನೆ ಎಂಬ ಹೆಸರಿನಲ್ಲಿ ಸಾವಿರಾರು ಮಂದಿಯ ಪಡೆಯಾಯಿತು. ಸಲಿಕೆ, ಒಂದು ಗಾಲಿಯ ಕೈಗಾಡಿ, ಗಂಬೂಟು. ಬೀದಿಗೊಂದು ತಂಡ. ಅಳಿಯನೂ ಹೋದ. ಅಡಿಕೆ ತೋಟಕ್ಕೆ ಮಣ್ಣು ಹಾಕಿ ಅಭ್ಯಾಸವಿದ್ದ ಅವನಿಗೆ ಅದು ಕಷ್ಟವೆನಿಸಲಿಲ್ಲ. ಒಬ್ಬಂಟಿ ಅಜ್ಜಿಯೊಬ್ಬಳ ಅಂಗಳ ತೆರವು ಮಾಡಿ ಮುಗಿಸುವಷ್ಟರಲ್ಲಿ ಅವಳು ಎಲ್ಲರಿಗೂ ಚಹಾ ಮಾಡಿಕೊಡಲು ನೀರಿಲ್ಲವೆಂದು ಅಳತೊಡಗಿದಳಂತೆ. ಮನೆಯ ಕೊಳವೆಗಳು ಒಡೆದು ನಾಲ್ಕು ದಿನವಾಗಿದ್ದವು. ಅವನು ಅಲ್ಲಿನ ಓದಿನ ಬಗ್ಗೆ ನನಗೆ ಹೇಳಿದ್ದಕ್ಕಿಂತ ಈ ಅಂಗಳದ ಬಗ್ಗೆ ಹೇಳಿದ್ದೇ ಹೆಚ್ಚು.

ಇಲ್ಲಿ ವಿಶ್ವವಿದ್ಯಾಲಯ ಮಾಡಿದ ಒಂದು ಜಾಣತನವನ್ನು ನಾನು ಮೆಚ್ಚುತ್ತೇನೆ. ಹುಡುಗರ ಸಮಾಜಸೇವೆಯನ್ನು ಹೊಗಳಿ, ಪ್ರಮಾಣಪತ್ರ ಕೊಟ್ಟು, ಶಾಲು ಹೊದಿಸಿ ಕೈತೊಳೆದುಕೊಳ್ಳಲಿಲ್ಲ. ಅದನ್ನೇ ಒಂದು ಪಠ್ಯವಾಗಿ ಮಾಡಿತು. ಕ್ರೈಸ್ಟ್‌ಚರ್ಚನ್ನು ಮರಳಿ ಕಟ್ಟುವ ಕುರಿತ ಆ ಕೋರ್ಸಿನಲ್ಲಿ ಮಾಡಿದ ಕೆಲಸ, ಅದರ ಬಗ್ಗೆ ಓದು, ಬರಹ ಮೂರೂ ಸೇರಿ ಅಂಕಗಳಾದವು. ಆ ಸೇನೆಯೂ ಕೆಸರು ಮುಗಿದೊಡನೆ ಕರಗಲಿಲ್ಲ. 2020ರ ಕೊರೊನಾ ದಿನಗಳಲ್ಲಿ ವೃದ್ಧರ ಮನೆಗೆ ದಿನಸಿ ಮುಟ್ಟಿಸಿತು. ನಮ್ಮಲ್ಲಿಯೂ ಎನ್ನೆಸ್ಸೆಸ್ ಇದೆ, ನಾನೂ ಶಿಬಿರಗಳಿಗೆ ಹೋಗಿದ್ದೇನೆ. ಹತ್ತರಲ್ಲಿ ಏಳು ಶಿಬಿರಗಳು ಸುಣ್ಣ ಬಳಿದ ಕಟ್ಟೆಗೆ ಇನ್ನೊಮ್ಮೆ ಸುಣ್ಣ ಬಳಿಯುವಲ್ಲಿಗೆ ಮುಗಿಯುತ್ತವೆ ಎಂದರೆ ಗೆಳೆಯರು ಸಿಟ್ಟಾಗಬಾರದು.

ಎಂಜಿನಿಯರಿಂಗಿನ ಕಥೆ ಇನ್ನೂ ವಿಚಿತ್ರ. ಭೂಕಂಪ ತಡೆಯುವ ಕಾಂಕ್ರೀಟ್ ಕಟ್ಟಡಗಳ ವಿನ್ಯಾಸಕ್ಕೆ ಜಗತ್ತಿಗೇ ಪಾಠ ಹೇಳಿದ ಊರು ಅದು. ರಾಬರ್ಟ್ ಪಾರ್ಕ್ ಮತ್ತು ಟಾಮ್ ಪೌಲೆ ಎಂಬ ಅಲ್ಲಿನ ಪ್ರಾಧ್ಯಾಪಕರ ಹೆಸರು ನಮ್ಮ ಸಿವಿಲ್ ಎಂಜಿನಿಯರುಗಳಿಗೂ ಗೊತ್ತು. ಕಂಬ ಬಲವಾಗಿರಲಿ, ತೊಲೆಯ ತುದಿ ಬೇಕೆಂದೇ ತುಸು ದುರ್ಬಲವಾಗಿರಲಿ. ನೆಲ ಅಲುಗಿದಾಗ ತೊಲೆಯ ತುದಿ ಬಾಗಿ, ಬಿರಿದು, ಹೊಡೆತವನ್ನು ತಾನು ನುಂಗಿಕೊಂಡು ಕಟ್ಟಡ ಕುಸಿಯದಂತೆ ಕಾಯಲಿ ಎಂಬುದು ಆ ವಿಚಾರದ ತಿರುಳು. ಹಲ್ಲಿ ಬಾಲ ಕಳಚಿಕೊಟ್ಟು ಜೀವ ಉಳಿಸಿಕೊಳ್ಳುವಂತೆ. ಹಾಗೆ ಕಟ್ಟಿದ ಬಹುತೇಕ ಕಟ್ಟಡಗಳು 2011ರಲ್ಲಿ ಒಳಗಿದ್ದವರನ್ನು ಉಳಿಸಿದವು. ಆದರೆ ಹಲ್ಲಿಗೆ ಬಾಲ ಮತ್ತೆ ಬರುತ್ತದೆ, ಕಟ್ಟಡಕ್ಕೆ ಬರುವುದಿಲ್ಲ. ನಗರದ ನಡುಭಾಗದಲ್ಲಿ ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಒಡೆದು ಹಾಕಬೇಕಾಯಿತು, ಅವುಗಳಲ್ಲಿ ಎಷ್ಟೋ ನೋಡಲು ನೆಟ್ಟಗೆ ನಿಂತಿದ್ದವು. ಜೀವ ಉಳಿದರೆ ಸಾಕು ಎಂಬ ಗುರಿಯ ಪಕ್ಕಕ್ಕೆ, ಮರುವಾರ ಬಾಗಿಲು ತೆಗೆಯುವಂತಿರಬೇಕು ಎಂಬ ಇನ್ನೊಂದು ಗುರಿ ಬಂದು ಕೂತಿತು. ಸ್ಟೆಫಾನೋ ಪಾಂಪನಿನ್, ಆಂಡಿ ಬುಕಾನನ್ ಮೊದಲಾದವರು ಅದೇ ವಿಶ್ವವಿದ್ಯಾಲಯದಲ್ಲಿ ಮರದ ಪದರಗಳನ್ನು ಅಂಟಿಸಿ ಮಾಡಿದ ತೊಲೆ ಕಂಬಗಳ ಒಳಗೆ ಉಕ್ಕಿನ ತಂತಿ ಪೋಣಿಸಿ ಬಿಗಿಯುವ ವಿಧಾನವನ್ನು ಮೊದಲೇ ರೂಪಿಸಿದ್ದರು: ಅಲುಗಿದಾಗ ಸಂದು ತುಸು ಬಾಯಿ ಬಿಡುತ್ತದೆ, ನಿಂತ ಮೇಲೆ ತಂತಿ ಎಳೆದು ಮೊದಲಿನ ಜಾಗಕ್ಕೇ ತರುತ್ತದೆ, ಮಣಿಸರ ಎಳೆದರೆ ಮಣಿಗಳು ಕೂಡಿಕೊಳ್ಳುವಂತೆ. ಪ್ರಯೋಗಾಲಯದಲ್ಲಿ ಅಲುಗಾಡಿಸಿ ಪರೀಕ್ಷಿಸಿದ ಎರಡು ಮಹಡಿಯ ಒಂದು ಮರದ ಚೌಕಟ್ಟನ್ನು ಬಿಚ್ಚಿ ಕ್ಯಾಂಪಸ್ಸಿನಲ್ಲಿ ಕಚೇರಿಯಾಗಿ ಮತ್ತೆ ಕಟ್ಟಿದ್ದರು. ಮರದ ವಿಷಯ ಬಂದರೆ ಅಳಿಯನ ಮಾತಿಗೆ ಕಡಿವಾಣವಿಲ್ಲ. ಶಿರಸಿಯ ಹಳೆಯ ಮನೆಯ ಹಲಸಿನ ಕಂಬಕ್ಕೂ ಅದಕ್ಕೂ ಗಂಟುಹಾಕಿ ಒಂದು ಗಂಟೆ ಉಪನ್ಯಾಸ ಕೊಟ್ಟ.

ದುಡ್ಡಿನ ಮಾತು ಹೇಳದೆ ಬಿಟ್ಟರೆ ಕಥೆ ಚಂದ ಕಾಣುತ್ತದೆ, ನಿಜವಾಗುವುದಿಲ್ಲ. ಭೂಕಂಪದ ಊರಿಗೆ ಮಕ್ಕಳನ್ನು ಕಳಿಸಲು ತಂದೆತಾಯಿಗಳು ಹಿಂಜರಿದರು, ದಾಖಲಾತಿ ಬಿದ್ದಿತು, ಆದಾಯ ಇಳಿಯಿತು, ರಿಪೇರಿಯ ಖರ್ಚು ಮಾತ್ರ ಏರಿತು. ಕೆಲವು ಕೋರ್ಸುಗಳನ್ನು ಮುಚ್ಚುವ, ಹುದ್ದೆಗಳನ್ನು ಕಡಿಮೆ ಮಾಡುವ ಚರ್ಚೆ ಕಹಿಯಾಗಿಯೇ ನಡೆಯಿತು. 2013ರಲ್ಲಿ ಸರ್ಕಾರ 260 ದಶಲಕ್ಷ ಡಾಲರ್‌ವರೆಗೆ ನೆರವು ಕೊಡುವುದಾಗಿ ಹೇಳಿದ ಮೇಲೆಯೇ ಎಂಜಿನಿಯರಿಂಗ್ ಮತ್ತು ವಿಜ್ಞಾನದ ಹೊಸ ಕಟ್ಟಡಗಳು ಮೇಲೆದ್ದವು. ವಿಜ್ಞಾನದ ಕಟ್ಟಡಕ್ಕೆ ರುದರ್‌ಫೋರ್ಡನ ಹೆಸರಿಟ್ಟರು. ಒಡೆದುಹಾಕಿದ ವಿದ್ಯಾರ್ಥಿ ಸಂಘದ ಕಟ್ಟಡದ ಜಾಗದಲ್ಲಿ ಹೊಸದು ತೆರೆದದ್ದು 2019ರಲ್ಲಿ. ಡೇರೆ ಹಾಕಲು ಮೂರು ವಾರ, ವಿದ್ಯಾರ್ಥಿಗಳು ತಮ್ಮದೇ ಮನೆ ಎನ್ನುವ ಜಾಗ ಮರಳಿ ಬರಲು ಎಂಟು ವರ್ಷ.

ಇನ್ನು ನನ್ನ ಗ್ರಂಥಾಲಯದ ಕಥೆ. 2021ರ ಜುಲೈ ಕೊನೆಯ ವಾರದ ಮಳೆಯನ್ನು ಉತ್ತರ ಕನ್ನಡದವರಿಗೆ ನೆನಪಿಸಬೇಕಾಗಿಲ್ಲ. ಕೊರೊನಾದಿಂದ ಕಾಲೇಜು ಮುಚ್ಚಿತ್ತು, ಗ್ರಂಥಾಲಯಕ್ಕೂ ಬೀಗ. ಹಂಚು ರಿಪೇರಿಯ ಅರ್ಜಿ ಎರಡು ವರ್ಷದಿಂದ ಫೈಲಿನಲ್ಲಿತ್ತು. ಬಾಗಿಲು ತೆಗೆದಾಗ ಮೊದಲು ತಾಗಿದ್ದು ವಾಸನೆ. ಬೂಸಲು ಹಿಡಿದ ಅವಲಕ್ಕಿಯ ಡಬ್ಬಿ ತೆರೆದಂತಿತ್ತು. ಮೂಲೆಯ ಕಪಾಟಿನ ಮೇಲೆ ಐದಾರು ದಿನದಿಂದ ನೀರು ತೊಟ್ಟಿಕ್ಕಿ, ಕೆಳಗಿನ ಅಂಕಣದ ಪುಸ್ತಕಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಬಿಗಿದು, ಕೈಯಿಂದ ಹೊರಗೆಳೆಯಲಾರದಂತೆ ಕಚ್ಚಿಕೊಂಡಿದ್ದವು. ನೀಲಿ ಶಾಯಿಯಲ್ಲಿ ಬರೆದ ಹಳೆಯ ದಾಖಲೆ ಪುಸ್ತಕದ ಪುಟಗಳಲ್ಲಿ 1970ರ ದಶಕದ ಅಷ್ಟೂ ನಮೂದುಗಳು ಆಕಾಶದ ಬಣ್ಣಕ್ಕೆ ತಿರುಗಿದ್ದವು. ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿ, ಘಟ್ಟದ ರಸ್ತೆ ಸರಿಯಾದ ಮೇಲೆ ಅಕ್ಕನ ಮನೆಗೆ ಸಾಗಿಸಿದೆ. ಅದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ, ಕೊಯ್ಲು ಇನ್ನೂ ದೂರ. ಅಡಿಕೆ ಒಣಗಿಸುವ ಅಟ್ಟ ಖಾಲಿಯಿತ್ತು. ಬಿದಿರ ತಟ್ಟಿಯ ಮೇಲೆ ಪುಸ್ತಕ ಹರವಿ ಕೆಳಗೆ ಬೆಂಕಿ ಹಾಕಿದೆವು. 300ರಲ್ಲಿ ಸುಮಾರು 180 ಉಳಿದವು.

ನೀರು ಕುಡಿದ ಪುಸ್ತಕಕ್ಕೆ ಎರಡು ದಿನದೊಳಗೆ ಬೂಸಲು ಬರತೊಡಗುತ್ತದೆ, ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಅವನ್ನು ಹೆಪ್ಪುಗಟ್ಟಿಸಿಟ್ಟು ಆಮೇಲೆ ಬಿಡುವಾಗಿ ಒಣಗಿಸಬೇಕು ಎಂಬುದು ಜಗತ್ತಿನ ಗ್ರಂಥಪಾಲಕರೆಲ್ಲ ಬಲ್ಲ ಸಂಗತಿ. ನನಗೂ ಪರೀಕ್ಷೆಗೆ ಓದಿದ ನೆನಪಿತ್ತು. ಆದರೆ ಕಾರವಾರದಲ್ಲಿ ಪುಸ್ತಕಗಳನ್ನು ಹೆಪ್ಪುಗಟ್ಟಿಸುವ ಯಂತ್ರವೆಲ್ಲಿ ಎಂದು ಸುಮ್ಮನಾದವನಿಗೆ ಆರು ತಿಂಗಳ ನಂತರ ಬೈತಖೋಲಿನ ಬಂದರಿನಲ್ಲಿ ಮೀನು ಕೊಳ್ಳಲು ನಿಂತಾಗ ಹೊಳೆಯಿತು. ಎದುರಿಗೇ ಮಂಜುಗಡ್ಡೆ ಪುಡಿಮಾಡುವ ಸದ್ದು. ಊರ ತುಂಬ ಐಸ್ ಪ್ಲಾಂಟು, ಶೀತಲಗೃಹ. ಜೂನ್ ಜುಲೈ ಎರಡು ತಿಂಗಳು ಆಳಸಮುದ್ರ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಅವಕ್ಕೆ ಕೆಲಸವೂ ಕಡಿಮೆ. ನಾನು ಮೀನಿನ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಮೀನು ಮಾರುವಾಕೆ ಕೊಂಕಣಿಯಲ್ಲಿ ಏನೋ ಬೈದು ಪಕ್ಕಕ್ಕೆ ಸರಿಸಿದಳು.

ಭೂಕಂಪ ನಮ್ಮ ಕಡೆ ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಭೂಕಂಪ ತಾಳುವ ಕಟ್ಟಡಗಳಿಗಾಗಿ ನಮ್ಮ ದೇಶ ರೂಪಿಸಿದ ಐಎಸ್ 1893 ಸಂಹಿತೆಯ 2016ರ ಆವೃತ್ತಿಯ ನಕ್ಷೆಯಲ್ಲಿ ನಮ್ಮ ಕರಾವಳಿ ಮೂರನೆಯ ವಲಯದಲ್ಲಿದೆ, ಎಂದರೆ ಮಧ್ಯಮ ಅಪಾಯದ ವಲಯದಲ್ಲಿ. 1967ರ ಡಿಸೆಂಬರಿನ ಕೊಯ್ನಾ ಭೂಕಂಪದ ನಸುಕಿನಲ್ಲಿ ಬಚ್ಚಲಿನ ತಾಮ್ರದ ಹಂಡೆ ತಾನಾಗಿ ಸದ್ದು ಮಾಡಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆದರೆ ನಮಗೆ ಪ್ರತಿ ವರ್ಷ ಎದುರಾಗುವುದು ಗುಡ್ಡ ಮತ್ತು ನೀರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಇಳಿದು ಗಂಗಾವಳಿಗೆ ಸೇರಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಸದಾಶಿವಗಡದ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಮರುದಿನ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ನಾವು ಬರಲಾಗದಿದ್ದರೆ ಪಾಠದ ಗತಿ ಏನು ಸಾರ್? ಹಾಜರಿಯ ಚಿಂತೆ ಮಾಡಬೇಡಿ ಎಂದಷ್ಟೇ ಹೇಳಲು ನನ್ನಿಂದ ಸಾಧ್ಯವಾಯಿತು.

ಕ್ಯಾಂಟರ್‌ಬರಿಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ ಪಾಲ್ ಮಿಲ್ಲರ್ ಅವರ ನೇತೃತ್ವದಲ್ಲಿ ಸೀಸ್ಮಿಕ್ ಎಂಬ ಡಿಜಿಟಲ್ ಸಂಗ್ರಹವೊಂದು ಹುಟ್ಟಿತು. ಫೋಟೋ, ವರದಿ, ಪತ್ರ, ನೆನಪು ಎಲ್ಲವೂ ಅದರಲ್ಲಿ. ಭಾಷಾಶಾಸ್ತ್ರದವರು ಹಡಗಿನ ಸರಕು ಪೆಟ್ಟಿಗೆಯೊಂದನ್ನು ಧ್ವನಿಮುದ್ರಣದ ಕೋಣೆಯಾಗಿ ಮಾಡಿ, ಊರಿನ ಬೇರೆಬೇರೆ ಕಡೆ ನಿಲ್ಲಿಸಿ, 700ಕ್ಕೂ ಹೆಚ್ಚು ಜನರ ಕಂಪನದ ಕಥೆಗಳನ್ನು ಅವರದೇ ಮಾತಿನಲ್ಲಿ ಹಿಡಿದಿಟ್ಟರು. ವಿಶ್ವವಿದ್ಯಾಲಯದ ಸಂಗ್ರಹದಲ್ಲಿದ್ದು ಭೂಕಂಪಕ್ಕೆ ಒಡೆದ ಪ್ರಾಚೀನ ಗ್ರೀಕ್ ಮಡಕೆಗಳ ಚೂರುಗಳನ್ನು ಜೋಡಿಸಿ, 2017ರಲ್ಲಿ ನಗರದ ಹಳೆಯ ಕಲ್ಲಿನ ಕಾಲೇಜು ಕಟ್ಟಡದಲ್ಲೇ ಪ್ರದರ್ಶನಕ್ಕಿಟ್ಟರು. ಈ ಧೈರ್ಯದ ಮೇಲೆ ನಾನೂ ಕಳೆದ ವರ್ಷದಿಂದ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಕದ್ರಾ, ಶಿರೂರು, ಸದಾಶಿವಗಡದ ಕಡೆಯ ವಿದ್ಯಾರ್ಥಿಗಳು ತಮ್ಮ ಮನೆಯ ನೀರಿನ ಗುರುತು ಗೋಡೆಯ ಮೇಲೆ ಎಷ್ಟು ಎತ್ತರಕ್ಕಿದೆ ಎಂದು ಅಳೆದು, ದಿನಾಂಕ ಹಾಕಿ ಬರೆಯುತ್ತಾರೆ. ಹಿಂದಿನ ಪುಟದಲ್ಲಿ ಯಾವ ಕಪಾಟು ಮೊದಲು, ಯಾರ ಬಳಿ ಎರಡನೆಯ ಕೀಲಿ, ಯಾವ ಶೀತಲಗೃಹದ ಮಾಲೀಕರು ಒಪ್ಪಿದ್ದಾರೆ ಎಂಬುದಿದೆ. ಮಾಲೀಕರು ನಕ್ಕು ಒಪ್ಪಿದರು, ಪುಸ್ತಕಕ್ಕೆ ಮೀನಿನ ವಾಸನೆ ಬಂದರೆ ತಮ್ಮನ್ನು ಕೇಳಬಾರದೆಂಬ ಷರತ್ತಿನ ಮೇಲೆ.

ಅಟ್ಟದಿಂದ ಮರಳಿ ಬಂದ 180 ಪುಸ್ತಕಗಳಿಗೆ ಇನ್ನೂ ಹೊಗೆಯ ವಾಸನೆಯಿದೆ. ಕಪಾಟಿನ ಕೆಳಗಿನ ಅಂಕಣಗಳನ್ನು ಈ ಮೇ ತಿಂಗಳಲ್ಲಿ ಪೂರ್ತಿ ಖಾಲಿ ಮಾಡಿಸಿದೆ. ಜಾಗ ಸುಮ್ಮನೆ ಹಾಳಾಗುತ್ತಿದೆ ಎಂದು ಮೇಲಿನವರು ಒಮ್ಮೆ ಬಂದು ನೋಡಿ ಹೋದರು. ಮಳೆ ಶುರುವಾದ ಮೇಲೆ ಮಕ್ಕಳು ಅಲ್ಲಿ ತಮ್ಮ ಒದ್ದೆ ಛತ್ರಿಗಳನ್ನು ಇಡುತ್ತಿದ್ದಾರೆ.